ಬಸವನಹುಳುವಿನ ಬೆನ್ನ ಮೇಲಿನ ಪಾಚಿ

ಪಾಚಿಯನ್ನು ತಿನ್ನಲೆಂದು ತಂದ ಬಸವನಹುಳುವಿನ ಬೆನ್ನ ಮೇಲೆಯೇ ಪಾಚಿ ಬೆಳೆದರೆ ಯಾರಿಗಾದರೂ ವಿಚಿತ್ರವೆನಿಸುವದು. ಮನೆಯಲ್ಲಿ ಉಪ್ಪುನೀರಿನ ಮೀನಿನ ತೊಟ್ಟಿಯನ್ನು ಇಟ್ಟುಕೊಂಡವರು ಈ ನೋಟವನ್ನು ಒಂದಲ್ಲ ಒಂದು ದಿನ ಕಂಡೇ ಕಾಣುತ್ತಾರೆ. ತೊಟ್ಟಿಯ ಗಾಜು ನಿರ್ಮಲವಾಗಿದೆ, ಕಲ್ಲುಗಳೂ ತಕ್ಕಮಟ್ಟಿಗೆ ಚೊಕ್ಕಟವಾಗಿವೆ. ಆದರೆ ಅವುಗಳನ್ನೆಲ್ಲ ನೆಕ್ಕಿ ಚೊಕ್ಕಟ ಮಾಡಿದ ಹುಳು ಮಾತ್ರ ತನ್ನ ಬೆನ್ನ ಮೇಲೆ ಹಸಿರು ಗಡ್ಡವನ್ನು ಹೊತ್ತುಕೊಂಡು ತಿರುಗುತ್ತಿದೆ! ಮಕ್ಕಳು ಅದನ್ನು ನೋಡಿ ನಗುತ್ತಾರೆ. ಹಿರಿಯರಿಗೆ ಚಿಂತೆ ಹತ್ತುತ್ತದೆ. ಇದು ರೋಗವೇ? ಹುಳು ಸಾಯುವದೇ? ಔಷಧ ಹಾಕಬೇಕೇ?

ಈ ಮೂರು ಪ್ರಶ್ನೆಗಳಿಗೆ ಮೊದಲೇ ಉತ್ತರ ಹೇಳಿಬಿಡುವದು ಒಳ್ಳೆಯದು. ಪಾಚಿ ರೋಗವಲ್ಲ. ಅದರಿಂದ ಹುಳು ಸಾಯುವದು ತೀರ ಅಪರೂಪ. ಆದರೆ ಅದನ್ನು ಹೋಗಲಾಡಿಸಲೆಂದು ಅವಸರದಿಂದ ಹಾಕಿದ ಔಷಧದಿಂದ ಹುಳು ಒಂದೆರಡು ದಿನಗಳಲ್ಲಿಯೇ ಸಾಯಬಹುದು. ಆದುದರಿಂದ ಕೈ ಹಚ್ಚುವ ಮೊದಲು ಸಂಗತಿಯೇನೆಂದು ತಿಳಿದುಕೊಳ್ಳುವದು ಅವಶ್ಯ.

ಬೆಳಗಾವಿ ಜಿಲ್ಲೆಯ ಕಾಗವಾಡ ತಾಲೂಕಿನ ಉಗಾರ ಬುದ್ರುಕದಂಥ ಊರಿನಲ್ಲಿ ಕುಳಿತು ಕಡಲಿನ ಹುಳುವಿನ ಮಾತೇಕೆ ಎಂದು ನೀವು ಕೇಳಬಹುದು. ಅಲ್ಲಿಂದ ಪಡುವಣ ಕಡಲು ನೇರವಾಗಿ ಅಳೆದರೂ ಸುಮಾರು 150 ಕಿಲೋಮೀಟರು ದೂರ. ನಡುವೆ ಸಹ್ಯಾದ್ರಿ ಅಡ್ಡ. ಆ ಸೀಮೆಯಲ್ಲಿ ಹರಿಯುವ ಕೃಷ್ಣೆಯಾದರೋ ಮಹಾಬಳೇಶ್ವರದಲ್ಲಿ ಹುಟ್ಟಿ, ಹತ್ತಿರದ ಕಡಲಿಗೆ ಬೆನ್ನು ತಿರುಗಿಸಿ, ದೂರದ ಮೂಡಣ ಕಡಲನ್ನು ಹುಡುಕಿಕೊಂಡು ಹೋಗುವ ನದಿ. ಇಷ್ಟಾದರೂ ಇಂದು ಕಡಲು ಒಳನಾಡಿನ ಊರುಗಳಿಗೂ ಬರುವಂತಾಗಿದೆ. ಕಡಲಿನ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಆ ಲವಣಗಳನ್ನೆಲ್ಲ ತಕ್ಕ ಪ್ರಮಾಣದಲ್ಲಿ ಕೂಡಿಸಿದ ಪುಡಿ ಡಬ್ಬಿಗಳಲ್ಲಿ ದೊರೆಯುತ್ತದೆ. ಅದನ್ನು ಶುದ್ಧನೀರಿನಲ್ಲಿ ಕರಗಿಸಿದರೆ, ಗಾಜಿನ ತೊಟ್ಟಿಯೊಂದರ ಮಟ್ಟಿಗೆ, ಕಡಲು ಸಿದ್ಧವಾಯಿತು. ಅಡಿಗೆಯ ಉಪ್ಪಿನಿಂದ ಈ ಕೆಲಸವಾಗದು. ಕಡಲಿನಲ್ಲಿ ಸುಣ್ಣದ ಅಂಶ, ಮೆಗ್ನೀಸಿಯಂ, ಪೊಟ್ಯಾಸಿಯಂ ಮೊದಲಾದವೂ ಇವೆ. ಅವಿಲ್ಲದೆ ಹುಳುವಿನ ಚಿಪ್ಪು ಬೆಳೆಯದು.

ಪಾಚಿಯ ಗುಣವನ್ನು ತಿಳಿಯಲು ಮಾತ್ರ ಕಡಲಿನವರೆಗೆ ಹೋಗಬೇಕಾಗಿಲ್ಲ. ಕೃಷ್ಣೆಯ ದಂಡೆಯೇ ಸಾಕು. ಬೇಸಿಗೆಯಲ್ಲಿ ಹೊಳೆ ಸೊರಗಿ, ಮಡುಗಳಲ್ಲಿ ನೀರು ನಿಂತಾಗ, ದಡದ ಕಲ್ಲುಗಳ ಮೇಲೆ ಜಾರುವ ಹಸಿರು ಹಬ್ಬುತ್ತದೆ. ಮುರಿದ ಮಡಕೆ, ಕಟ್ಟಿದ ದೋಣಿಯ ಹೊಟ್ಟೆ, ನೀರಿನಲ್ಲಿ ಬಿದ್ದ ಕಟ್ಟಿಗೆ—ಯಾವುದನ್ನೂ ಅದು ಬಿಡುವದಿಲ್ಲ. ಪಾಚಿಗೆ ಬೇಕಾದುದು ಮೂರೇ ಮೂರು: ಹಿಡಿದುಕೊಳ್ಳಲು ಒಂದು ಗಟ್ಟಿ ನೆಲೆ, ಬಿಸಿಲು ಅಥವಾ ದೀಪದ ಬೆಳಕು, ಮತ್ತು ನೀರಿನಲ್ಲಿ ಕರಗಿದ ಗೊಬ್ಬರ. ಅದರ ಬೀಜಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ನೀರಿನಲ್ಲಿ ತೇಲುತ್ತ ಹೋಗಿ ತಗುಲಿದಲ್ಲಿ ಬೇರೂರುತ್ತವೆ. ಕಲ್ಲು ಯಾವುದು, ಚಿಪ್ಪು ಯಾವುದು ಎಂಬ ಭೇದ ಅವಕ್ಕಿಲ್ಲ. ಪಾಚಿಯ ಪಾಲಿಗೆ ಬಸವನಹುಳುವೆಂದರೆ ನಡೆದಾಡುವ ಒಂದು ಕಲ್ಲು, ಅಷ್ಟೆ. ಹೊಳೆಯ ಆಮೆಗಳ ಬೆನ್ನ ಮೇಲೂ ಹೀಗೆಯೇ ಪಾಚಿ ಬೆಳೆಯುವದುಂಟು. ದಕ್ಷಿಣ ಅಮೇರಿಕೆಯ ಕಾಡುಗಳಲ್ಲಿ ಸ್ಲಾತ್ ಎಂಬ ಸೋಮಾರಿ ಪ್ರಾಣಿಯೊಂದಿದೆ. ಅದರ ಕೂದಲಿನಲ್ಲಿ ಪಾಚಿ ಬೆಳೆದು ಮೈಯೇ ಹಸಿರಾಗಿ ಕಾಣುತ್ತದೆ.

ಹಾಗಾದರೆ ಕಲ್ಲನ್ನು ನೆಕ್ಕುವ ಹುಳು ತನ್ನ ಬೆನ್ನನ್ನೇಕೆ ನೆಕ್ಕಿಕೊಳ್ಳದು? ಉತ್ತರ ಅದರ ದೇಹದ ಕಟ್ಟಿನಲ್ಲಿದೆ. ಹುಳುವಿನ ಬಾಯಿಯಲ್ಲಿ ಅರದ ಪಟ್ಟಿಯಂಥ ನಾಲಗೆಯಿದೆ. ಅದರ ಮೇಲೆ ಸಾಲುಸಾಲಾಗಿ ಸೂಕ್ಷ್ಮವಾದ ಹಲ್ಲುಗಳು. ಬಡಗಿಯು ಹಲಗೆಯನ್ನು ಹೆರೆಯುವಂತೆ ಈ ನಾಲಗೆಯಿಂದ ಅದು ಪಾಚಿಯನ್ನು ಹೆರೆದು ತಿನ್ನುತ್ತದೆ. ಆದರೆ ಬಾಯಿ ಇರುವದು ಚಿಪ್ಪಿನ ಕೆಳಗೆ, ಪಾದದ ಮುಂದೆ. ಚಿಪ್ಪಿನ ತುದಿ ಇರುವದು ಬೆನ್ನ ಮೇಲೆ. ನಮ್ಮ ಬೆನ್ನಿನ ನಡುವೆ ತುರಿಕೆಯೆದ್ದಾಗ ನಮ್ಮ ಕೈ ಹೇಗೆ ನಿಲುಕದೋ ಹಾಗೆಯೇ ಅದರ ಬಾಯಿಯೂ ಅಲ್ಲಿಗೆ ನಿಲುಕದು. ಇನ್ನೊಂದು ಹುಳು ಅದರ ಮೇಲೇರಿ ಬಂದರೆ ಮಾತ್ರ ಆ ಬೆನ್ನು ಚೊಕ್ಕಟವಾದೀತು. ತೊಟ್ಟಿಯಲ್ಲಿ ಒಂದು ಹುಳು ಮತ್ತೊಂದರ ಮೇಲೆ ಸವಾರಿ ಮಾಡುತ್ತಿದ್ದರೆ ಅವು ಜಗಳವಾಡುತ್ತಿವೆಯೆಂದು ಬಿಡಿಸಹೋಗಬೇಡಿರಿ. ಬಹುಶಃ ಅಲ್ಲಿ ಊಟ ನಡೆದಿದೆ; ಅದರ ಜತೆಗೆ ಕ್ಷೌರವೂ ಆಗುತ್ತಿದೆ.

ಚಿಪ್ಪು ಸುಣ್ಣದಿಂದಾದುದು. ಹುಳು ಅದನ್ನು ತನ್ನ ಮೈಯ ಮಡಿಕೆಯೊಂದರಿಂದ ಒಸರಿಸಿ, ಬಾಯಂಚಿನಲ್ಲಿ ಸ್ವಲ್ಪಸ್ವಲ್ಪವಾಗಿ ಕಟ್ಟುತ್ತ ಹೋಗುತ್ತದೆ. ಆದುದರಿಂದ ತುದಿಯ ಸುರುಳಿ ಹಳೆಯದು, ಅಂಚು ಹೊಸದು. ಹಳೆಯ ಭಾಗದಲ್ಲಿಯೇ ಪಾಚಿ ಹೆಚ್ಚಾಗಿ ಕಾಣುವದಕ್ಕೆ ಇದೂ ಒಂದು ಕಾರಣ: ಬಹುದಿನ ನೀರಿನಲ್ಲಿದ್ದು, ಮೇಲಿನ ನಯವಾದ ಪೊರೆ ಸವೆದು, ಒರಟಾದ ಜಾಗದಲ್ಲಿ ಬೀಜಕಣಗಳಿಗೆ ಹಿಡಿತ ಸಿಗುತ್ತದೆ. ನಮ್ಮ ಪಡುವಣ ಕರಾವಳಿಯ ಕಲ್ಲುದಂಡೆಗಳಲ್ಲಿ, ಕಾರವಾರದ ಕಡೆಗೇ ಆಗಲಿ ಮಲ್ಪೆಯ ಕಡೆಗೇ ಆಗಲಿ, ನೀರಿಳಿತದ ಹೊತ್ತಿಗೆ ಬಂಡೆಗಳ ನಡುವಿನ ಹೊಂಡಗಳನ್ನು ನೋಡಿರಿ. ಪಾಚಿಯನ್ನೋ ಗುಲಾಬಿ ಬಣ್ಣದ ಸುಣ್ಣದ ಪದರನ್ನೋ ಹೊತ್ತ ಹುಳುಗಳು ಅಲ್ಲಿ ಕಾಣಸಿಗುತ್ತವೆ. ಅವು ಸುಖವಾಗಿಯೇ ಇವೆ. ಅಷ್ಟೇ ಅಲ್ಲ, ಪಾಚಿ ಹೊತ್ತ ಚಿಪ್ಪು ಪಾಚಿ ಹೊತ್ತ ಕಲ್ಲಿನ ನಡುವೆ ಮರೆಯಾಗುವದರಿಂದ ಶತ್ರುವಿನ ಕಣ್ಣು ತಪ್ಪಿಸಲು ಅದೊಂದು ಹೊದಿಕೆಯೂ ಆಗುತ್ತದೆ.

ಬೆನ್ನ ಮೇಲಿನ ಬಣ್ಣವನ್ನು ನೋಡಿ ತೊಟ್ಟಿಯ ಸ್ಥಿತಿಯನ್ನು ಎಷ್ಟೋ ಮಟ್ಟಿಗೆ ಹೇಳಬಹುದು. ತೆಳ್ಳಗಿನ ಕಂದು ಧೂಳಿನಂತಿದ್ದರೆ ಅದು ಡಯಾಟಮ್ ಎಂಬ ಸೂಕ್ಷ್ಮಜೀವಿ. ಹೊಸ ತೊಟ್ಟಿಗಳಲ್ಲಿ ಮೊದಲ ಕೆಲವು ವಾರಗಳಲ್ಲಿ ಬಂದು ತಾನಾಗಿಯೇ ಕಡಿಮೆಯಾಗುತ್ತದೆ. ಹಸಿರು ಲೇಪದಂತಿದ್ದರೆ ಸಾಮಾನ್ಯ ಪಾಚಿ. ಹುಳುಗಳಿಗೆ ಪ್ರಿಯವಾದ ಊಟ. ಗುಲಾಬಿ ಅಥವಾ ನೇರಳೆಯ ಗಟ್ಟಿ ಪದರಾದರೆ ಅದೂ ಪಾಚಿಯೇ, ಆದರೆ ಸುಣ್ಣವನ್ನು ತನ್ನಲ್ಲಿ ಕಟ್ಟಿಕೊಳ್ಳುವ ಜಾತಿಯದು. ನೀರು ಚೆನ್ನಾಗಿದೆಯೆಂಬುದಕ್ಕೆ ಅದು ಸಾಕ್ಷಿ, ಅದನ್ನು ಕೆರೆಯಬಾರದು. ಉದ್ದನೆಯ ಹಸಿರು ಕೂದಲಿನಂತಿದ್ದರೆ ನೀರಿನಲ್ಲಿ ಗೊಬ್ಬರ ಹೆಚ್ಚಾಗಿದೆಯೆಂದು ತಿಳಿಯಬೇಕು. ದ್ರಾಕ್ಷಾರಸದ ಬಣ್ಣದ, ಲೋಳೆಲೋಳೆಯಾದ ಹಾಳೆಯಂತಿದ್ದರೆ ಅದು ನಿಜವಾಗಿ ಪಾಚಿಯೇ ಅಲ್ಲ. ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ. ಅದನ್ನು ಹೆಚ್ಚಿನ ಹುಳುಗಳು ಮುಟ್ಟುವದಿಲ್ಲ.

ಹುಳು ನಿಜವಾಗಿ ಅಸ್ವಸ್ಥವಾಗಿದೆಯೇ ಎಂದು ತಿಳಿಯಬೇಕಾದರೆ ಬೆನ್ನನ್ನಲ್ಲ, ಪಾದವನ್ನು ನೋಡಬೇಕು. ಗಾಜನ್ನು ಬಿಗಿಯಾಗಿ ಹಿಡಿದಿದ್ದು, ಮುಟ್ಟಿದಾಗ ಒಳಕ್ಕೆ ಸೇದಿಕೊಂಡರೆ ಚಿಂತೆಯಿಲ್ಲ. ಮೇಲಿಂದ ಮೇಲೆ ಉದುರಿ ಬೀಳುತ್ತಿದ್ದರೆ, ಮುಟ್ಟಿದರೂ ಪಾದವನ್ನು ಸೇದಿಕೊಳ್ಳದಿದ್ದರೆ, ದುರ್ವಾಸನೆ ಬಂದರೆ, ಅದು ಸಾಯುತ್ತಿದೆ ಇಲ್ಲವೆ ಸತ್ತಿದೆ. ಸತ್ತುದನ್ನು ಕೂಡಲೇ ತೆಗೆದುಬಿಡಬೇಕು. ಕೊಳೆತರೆ ತೊಟ್ಟಿಯ ನೀರೇ ವಿಷವಾಗುವದು. ಚಿಪ್ಪಿನ ಬಾಯಂಚಿನಲ್ಲಿ ಅಕ್ಕಿಯ ನುಚ್ಚಿನಂಥ ಬಿಳಿಯ ಪುಟ್ಟ ಹುಳುಗಳು ಅಂಟಿಕೊಂಡಿವೆಯೇ ಎಂಬುದನ್ನೂ ನೋಡಿರಿ. ಅವೂ ಒಂದು ಬಗೆಯ ಬಸವನಹುಳುಗಳೇ; ದೊಡ್ಡ ಹುಳುವಿನ ಮೈರಸವನ್ನು ಹೀರಿ ಬದುಕುವ ಪರಾವಲಂಬಿಗಳು. ಅವನ್ನು ಬ್ರಶ್ಶಿನಿಂದ ತೆಗೆಯಬೇಕು. ಗಡ್ಡ ಬೆಳೆದುದು ಕಣ್ಣಿಗೆ ಬೀಳುತ್ತದೆ, ಈ ನುಚ್ಚು ಬೀಳುವದಿಲ್ಲ. ಆದರೆ ಹಾನಿ ಮಾಡುವದು ಈ ನುಚ್ಚೇ.

ಬಸವನಹುಳುವನ್ನು ಗಾಜಿನ ತೊಟ್ಟಿಗೆ ಕೆಲಸದಾಳಾಗಿ ತಂದ ಕಥೆ ಹಳೆಯದು. ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನು 12 ಗ್ಯಾಲನ್ನಿನ, ಎಂದರೆ ಸುಮಾರು 55 ಲೀಟರಿನ, ಒಂದು ಪಾತ್ರೆಯಲ್ಲಿ ಎರಡು ಹೊಂಬಣ್ಣದ ಮೀನುಗಳನ್ನೂ ವ್ಯಾಲಿಸ್ನೇರಿಯಾ ಎಂಬ ನೀರುಗಿಡವನ್ನೂ ಇಟ್ಟನು. ಗಿಡವು ಪ್ರಾಣವಾಯುವನ್ನು ಕೊಡುವದು, ಮೀನು ಬದುಕುವದು ಎಂದು ಅವನ ಎಣಿಕೆ. ಅದು ನಿಜವೂ ಆಯಿತು. ಆದರೆ ಗಿಡದ ಹಳೆಯ ಎಲೆಗಳು ಕೊಳೆತು ನೀರು ಕದಡಿತು. ಗಾಜಿನ ಮೇಲೆ ಹಸಿರು ಪಾಚಿ ಹಬ್ಬಿತು. ಆಗ ಅವನು ಐದಾರು ಕೊಳದ ಬಸವನಹುಳುಗಳನ್ನು ತಂದು ಬಿಟ್ಟನು. ಅವು ಕೊಳೆತುದನ್ನೂ ಪಾಚಿಯನ್ನೂ ತಿಂದವು, ಅವುಗಳ ತತ್ತಿಗಳು ಮೀನಿಗೆ ಆಹಾರವಾದವು, ನೀರು ತಿಳಿಯಾಯಿತು. 1850ರಲ್ಲಿ ಅವನು ಈ ಪ್ರಯೋಗವನ್ನು ಲಂಡನ್ನಿನ ಕೆಮಿಕಲ್ ಸೊಸೈಟಿಗೆ ವಿವರಿಸಿದನು. ಬಳಿಕ ಉಪ್ಪುನೀರಿನಲ್ಲಿಯೂ ಇಂಥ ಪ್ರಯೋಗಗಳನ್ನು ಮಾಡಿದನು. ಮನೆಯ ಮತ್ಸ್ಯಾಲಯದ ಹವ್ಯಾಸ ಹಬ್ಬಿದುದು ಆ ಕಾಲದಿಂದಲೇ. ನಮ್ಮ ಕಡೆಯ ಎಷ್ಟೋ ಜನರಿಗೆ ಕಡಲಿನ ಮೀನುಗಳನ್ನು ಗಾಜಿನಾಚೆ ಮೊದಲು ತೋರಿಸಿದುದು 1951ರಲ್ಲಿ ಮುಂಬಯಿಯಲ್ಲಿ ತೆರೆದ ತಾರಾಪೋರವಾಲಾ ಮತ್ಸ್ಯಾಲಯ.

ವಾರಿಂಗ್ಟನ್ನನ ಪ್ರಯೋಗದ ತಿರುಳು ಒಂದು ಲೆಕ್ಕ. ತೊಟ್ಟಿಯೊಳಗೆ ಏನು ಹೋಗುವದು, ಅದು ಏನಾಗುವದು, ಏನು ಹೊರಗೆ ಬರುವದು? ಮನೆಯ ಜಮಾಖರ್ಚಿನಂತೆ ಈ ಲೆಕ್ಕವನ್ನು ಇಟ್ಟರೆ ಪಾಚಿಯ ಗುಟ್ಟು ಬಯಲಾಗುವದು. ನೀವು ಮೀನಿಗೆ ಹಾಕುವ ಆಹಾರದಲ್ಲಿ ಸಾರಜನಕವೂ ರಂಜಕವೂ ಇವೆ. ಮೀನು ತಿಂದು ಹೊಲಸು ಮಾಡುತ್ತದೆ; ತಿನ್ನದೆ ಬಿಟ್ಟುದು ಕೊಳೆಯುತ್ತದೆ. ಅದರಿಂದ ಅಮೋನಿಯಾ ಹುಟ್ಟುತ್ತದೆ. ಕಲ್ಲುಮರಳಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಈ ನೈಟ್ರೇಟ್ ಮತ್ತು ರಂಜಕದಿಂದಾದ ಫಾಸ್ಫೇಟ್—ಇವೆರಡೇ ಪಾಚಿಯ ಗೊಬ್ಬರ.

ಈಗ ಹುಳು ಬಂದಿತು, ಪಾಚಿಯನ್ನು ತಿಂದಿತು. ತಿಂದುದರಲ್ಲಿ ಸ್ವಲ್ಪ ಅದರ ಮೈಯಾಯಿತು. ಉಳಿದುದು ಮಲವಾಗಿ ಮರಳಿ ನೀರಿಗೇ ಬಿದ್ದಿತು. ಗೊಬ್ಬರ ಎಲ್ಲಿ ಹೋಯಿತು? ಎಲ್ಲಿಗೂ ಹೋಗಲಿಲ್ಲ. ಗಾಜಿನ ಮೇಲಿದ್ದುದು ನೀರಿಗೆ ಬಂದಿತು. ಅಲ್ಲಿಂದ ಮತ್ತೆ ಪಾಚಿಯಾಗಲು ಹುಳುವಿನ ನಾಲಗೆ ಮುಟ್ಟದ ಜಾಗವನ್ನು ಹುಡುಕಿತು. ಅಂಥ ಜಾಗವೇ ಆ ಹುಳುವಿನ ಸ್ವಂತ ಬೆನ್ನು! ಹುಳು ಕಸವನ್ನು ಗುಡಿಸುವದು ನಿಜ. ಆದರೆ ಗುಡಿಸಿದ ಕಸವನ್ನು ಬಾಗಿಲಾಚೆ ಹಾಕುವವರು ನೀವೇ. ಇನ್ನೂ ಹತ್ತು ಹುಳುಗಳನ್ನು ಕೊಂಡುತಂದರೆ ಗುಡಿಸುವವರು ಹೆಚ್ಚಾಗುವರು, ಕಸ ಮನೆಯಲ್ಲಿಯೇ ಉಳಿಯುವದು. ಗಾಜಿನ ಪಾಚಿ ತೀರಿದ ಬಳಿಕ ಆ ಹತ್ತು ಹುಳುಗಳು ಹಸಿವಿನಿಂದ ಸಾಯುವವು, ಸತ್ತು ಕೊಳೆತು ಮತ್ತೆ ಗೊಬ್ಬರವೇ ಆಗುವವು.

ಆದುದರಿಂದ ಚಿಕಿತ್ಸೆ ನೀರಿಗೆ, ಹುಳುವಿಗಲ್ಲ. ಮೊದಲನೆಯದಾಗಿ, ಆಹಾರವನ್ನು ಕಡಿಮೆ ಮಾಡಿರಿ. ಎರಡು ಮೂರು ನಿಮಿಷಗಳಲ್ಲಿ ಮೀನು ತಿಂದು ಮುಗಿಸುವಷ್ಟನ್ನೇ ಹಾಕಿರಿ. ಮನೆಯಲ್ಲಿ ನಾಲ್ಕು ಜನರಿದ್ದು ನಾಲ್ವರೂ ಪ್ರೀತಿಯಿಂದ ಒಂದೊಂದು ಚಿಟಿಕೆ ಹಾಕುತ್ತ ಹೋದರೆ ಆ ಪ್ರೀತಿಯೇ ಪಾಚಿಯಾಗುವದು. ಊಟ ಹಾಕುವ ಕೆಲಸ ಒಬ್ಬರದಾಗಿರಲಿ. ಎರಡನೆಯದಾಗಿ, ಬೆಳಕು. ಕಿಟಕಿಯ ಬಿಸಿಲು ನೇರವಾಗಿ ಬೀಳುವಲ್ಲಿ ತೊಟ್ಟಿಯನ್ನು ಇಡಬೇಡಿರಿ. ದೀಪ ದಿನಕ್ಕೆ ಎಂಟು ತಾಸು ಉರಿದರೆ ಸಾಕು. ಮೂರನೆಯದಾಗಿ, ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ನೀರನ್ನು ತೆಗೆದು, ಅದೇ ಉಪ್ಪಿನ ಪ್ರಮಾಣದ ಹೊಸ ನೀರನ್ನು ಹಾಕಿರಿ. ಲೆಕ್ಕದಲ್ಲಿ ಹೊರಗೆ ಹೋಗುವ ಬಾಬು ಮುಖ್ಯವಾಗಿ ಇದು; ಇದರ ಜತೆಗೆ ಕೂದಲುಪಾಚಿಯನ್ನು ಕೈಯಿಂದ ಕಿತ್ತು ತೊಟ್ಟಿಯಾಚೆ ಹಾಕುವದು. ಕಿತ್ತ ಪ್ರತಿಯೊಂದು ಹಿಡಿಯಲ್ಲಿಯೂ ಅಷ್ಟು ಗೊಬ್ಬರ ಹೊರಗೆ ಹೋದಂತೆ.

ನಾಲ್ಕನೆಯದು ಒಳನಾಡಿನವರು ಮುಖ್ಯವಾಗಿ ಲಕ್ಷಿಸಬೇಕಾದ ಮಾತು: ನೀವು ತೊಟ್ಟಿಗೆ ಹಾಕುವ ನೀರು ಎಲ್ಲಿಯದು? ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವದಿಲ್ಲ. ಆದುದರಿಂದ ಕಡಿಮೆಯಾದಷ್ಟು ಸಿಹಿನೀರನ್ನು ತುಂಬುತ್ತಲೇ ಇರಬೇಕಾಗುತ್ತದೆ. ಉಗಾರದ ಸುತ್ತಿನ ಸೀಮೆ ಕಬ್ಬಿನ ಸೀಮೆ. ನೆರೆಯ ಉಗಾರ ಖುರ್ದದಲ್ಲಿ ಸಕ್ಕರೆಯ ಕಾರಖಾನೆಯೇ ಇದೆ. ಕಬ್ಬು ಹೆಚ್ಚು ನೀರನ್ನೂ ಹೆಚ್ಚು ಗೊಬ್ಬರವನ್ನೂ ಬೇಡುವ ಬೆಳೆ. ಹೊಲಕ್ಕೆ ಹಾಕಿದ ಯೂರಿಯಾದಲ್ಲಿ ಬೆಳೆ ಹೀರಿಕೊಳ್ಳದೆ ಉಳಿದುದು ನೈಟ್ರೇಟಾಗಿ ನೀರಿನೊಡನೆ ನೆಲಕ್ಕಿಳಿಯುತ್ತದೆ. ಇಂಥ ಸೀಮೆಯ ಕೊಳವೆಬಾವಿಯ ನೀರನ್ನು ಪರೀಕ್ಷಿಸದೆ ತೊಟ್ಟಿಗೆ ಹಾಕಿದರೆ, ಪ್ರತಿ ಬಿಂದಿಗೆಯೊಂದಿಗೆ ಪಾಚಿಗೆ ಔತಣ ಕಳಿಸಿದಂತೆ ಆಗಬಹುದು. ಈಗ ಅನೇಕ ಮನೆಗಳಲ್ಲಿ ಕುಡಿಯುವ ನೀರಿಗೆಂದು ಆರ್‌ಓ ಯಂತ್ರವಿದೆ. ಅದರಿಂದ ಶೋಧಿಸಿ ಬಂದ ನೀರೇ ಇದಕ್ಕೆ ತಕ್ಕುದು. ಕರಗಿದ ಲವಣಗಳ ಬಹುಪಾಲನ್ನು ಅದು ತಡೆಯುತ್ತದೆ.

ಇಷ್ಟಾದರೂ ಹುಳುವಿನ ಬೆನ್ನಿನ ಗಡ್ಡ ಬಹಳ ಉದ್ದವಾಗಿ, ಕಲ್ಲಿಗೆ ಸಿಕ್ಕಿಕೊಂಡು ನಡೆಯಲು ತೊಡಕಾದರೆ, ಕೈಯಿಂದ ತೆಗೆಯಬಹುದು. ಹುಳುವನ್ನು ಗಾಜಿನಿಂದ ಜಗ್ಗಿ ಕೀಳಬಾರದು, ಪಾದ ಹರಿದೀತು. ಮೆಲ್ಲನೆ ಓರೆಯಾಗಿ ಸರಿಸಿ ಬಿಡಿಸಿಕೊಳ್ಳಬೇಕು. ತೊಟ್ಟಿಯದೇ ನೀರನ್ನು ಒಂದು ಬಟ್ಟಲಲ್ಲಿ ತೆಗೆದುಕೊಂಡು, ಹೊಸದಾದ ಮೆತ್ತನೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿರಿ. ಸಾಬೂನು ಬೇಡ, ನಲ್ಲಿಯ ನೀರು ಬೇಡ, ಚಾಕು ಬೇಡ. ಬಾಯಂಚಿನ ಹೊಸ ಚಿಪ್ಪು ತೆಳ್ಳಗಿರುತ್ತದೆ, ಅದನ್ನು ಮುಟ್ಟಬೇಡಿರಿ. ಬಳಿಕ ಪಾದ ಕೆಳಗಾಗಿ ಇರುವಂತೆ ಕಲ್ಲಿನ ಮೇಲೆ ಇಡಿರಿ. ಮಗುಚಿ ಬಿದ್ದರೆ ತಾವಾಗಿ ಏಳಲಾರದ ಜಾತಿಯ ಹುಳುಗಳುಂಟು. ಅವು ಬಿದ್ದಲ್ಲಿಯೇ ಸಾಯುತ್ತವೆ.

ಇನ್ನು ಮಾಡಬಾರದ ಕೆಲವು ಕೆಲಸಗಳಿವೆ. ಎಲ್ಲಕ್ಕಿಂತ ಮುಖ್ಯವಾದುದು, ತಾಮ್ರವುಳ್ಳ ಯಾವ ಔಷಧವನ್ನೂ ತೊಟ್ಟಿಗೆ ಹಾಕಬಾರದು. ಪಾಚಿಯನ್ನು ಕೊಲ್ಲುವ ಕೆಲವು ಔಷಧಗಳಲ್ಲಿಯೂ ಮೀನಿನ ಚರ್ಮರೋಗದ ಕೆಲವು ಔಷಧಗಳಲ್ಲಿಯೂ ತಾಮ್ರವಿರುತ್ತದೆ. ದ್ರಾಕ್ಷಿಯ ತೋಟದವರು ಬಲ್ಲ ಮೈಲುತುತ್ತವೂ ತಾಮ್ರದ ಲವಣವೇ. ಈಜಿಪ್ಟ್ ದೇಶದಲ್ಲಿ ಬಿಲ್ಹಾರ್ಜಿಯಾ ರೋಗವನ್ನು ಹರಡುವ ಬಸವನಹುಳುಗಳನ್ನು ಕೊಲ್ಲಲು ಕಾಲುವೆಗಳಿಗೆ ಇದೇ ಮೈಲುತುತ್ತವನ್ನು ಹಾಕುತ್ತಿದ್ದರು. ಇಲ್ಲೊಂದು ಸೋಜಿಗವಿದೆ: ನಮ್ಮ ರಕ್ತದಲ್ಲಿ ಪ್ರಾಣವಾಯುವನ್ನು ಹೊರುವದು ಕಬ್ಬಿಣದ ಅಂಶ, ಈ ಹುಳುಗಳ ರಕ್ತದಲ್ಲಿ ಆ ಕೆಲಸವನ್ನು ಮಾಡುವದು ತಾಮ್ರದ ಅಂಶ. ರಕ್ತದಲ್ಲಿ ಹದವಾಗಿದ್ದಾಗ ಉಸಿರಾಗುವ ಅದೇ ತಾಮ್ರ ನೀರಿನಲ್ಲಿ ಕೊಂಚ ಹೆಚ್ಚಾದರೆ ಪ್ರಾಣ ತೆಗೆಯುತ್ತದೆ. ಮೀನಿಗೆ ಅಂಥ ಔಷಧ ಅವಶ್ಯವಾದರೆ ಮೀನನ್ನೇ ಬೇರೆ ಪಾತ್ರೆಗೆ ಒಯ್ದು ಕೊಡಬೇಕು.

ಎರಡನೆಯದಾಗಿ, ಹೊಳೆಯ ಹುಳುವನ್ನು ಉಪ್ಪುನೀರಿಗೆ ಬಿಡಬಾರದು. ಮಕ್ಕಳು ಕೃಷ್ಣೆಯ ದಂಡೆಯಿಂದ ಹುಳುಗಳನ್ನು ಆಯ್ದು ತಂದು ತೊಟ್ಟಿಗೆ ಹಾಕಬೇಕೆನ್ನುವದು ಸಹಜ. ಆದರೆ ಉಪ್ಪಿನಕಾಯಿಗೆ ಹಾಕಿದ ಮಾವಿನ ಹೋಳು ಹೇಗೆ ನೀರು ಬಿಟ್ಟು ಸುಕ್ಕಾಗುವದೋ, ಉಪ್ಪುನೀರಿನಲ್ಲಿ ಹೊಳೆಯ ಹುಳುವಿನ ಗತಿಯೂ ಹಾಗೆಯೇ ಆಗುವದು. ಉಪ್ಪುನೀರಿಗೆ ಟ್ರೋಕಸ್, ಟರ್ಬೊ, ನೆರಿಟಾ, ಸೆರಿಥಿಯಂ ಮೊದಲಾದ ಕಡಲಿನ ಜಾತಿಗಳೇ ಬೇಕು. ಅವನ್ನೂ ಅಂಗಡಿಯ ನೀರಿನಿಂದ ನಿಮ್ಮ ನೀರಿಗೆ ಒಮ್ಮೆಲೆ ಹಾಕದೆ, ಹನಿಹನಿಯಾಗಿ ನೀರು ಬೆರೆಸುತ್ತ ಒಂದು ತಾಸು ಪಳಗಿಸಬೇಕು. ಮೂರನೆಯದಾಗಿ, ಪ್ರವಾಸಕ್ಕೆಂದು ಕಡಲದಂಡೆಗೆ ಹೋದಾಗ ಸಿಕ್ಕ ಜೀವಂತ ಶಂಖ, ಹವಳಗಳನ್ನು ತರಬಾರದು. ಹವಳಗಳಿಗೂ ಕೆಲವು ಜಾತಿಯ ಶಂಖಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ.

ಕೃಷ್ಣೆಗೂ ನಿಮ್ಮ ತೊಟ್ಟಿಗೂ ಗಾತ್ರದಲ್ಲಿ ಹೋಲಿಕೆಯಿಲ್ಲ, ಆದರೆ ಲೆಕ್ಕ ಒಂದೇ. ನದಿಯಲ್ಲಿ ನೀರು ಹರಿಯುತ್ತಿರುವಾಗ ಗೊಬ್ಬರ ಮುಂದೆ ಹೋಗುತ್ತದೆ. ನಿಂತಲ್ಲಿ ಪಾಚಿಯೂ ಅಂತರಗಂಗೆಯೂ ಹಬ್ಬುತ್ತವೆ. ತೊಟ್ಟಿಯ ನೀರು ಯಾವಾಗಲೂ ನಿಂತ ನೀರೇ. ಅದಕ್ಕೆ ಹರಿವನ್ನು ಕೊಡುವದು ವಾರಕ್ಕೊಮ್ಮೆ ನೀವು ಎತ್ತಿ ಚೆಲ್ಲುವ ಆ ಒಂದು ಬಕೆಟ್ಟು. ಎತ್ತಿದ ನೀರನ್ನು ತುಲಸಿಯ ಕಟ್ಟೆಗೋ ಹೂಗಿಡಗಳಿಗೋ ಹಾಕದಿರಿ, ಉಪ್ಪಿನಿಂದ ಅವು ಒಣಗುವವು, ಬಚ್ಚಲಿಗೆ ಚೆಲ್ಲಿರಿ. ಮತ್ತೆ ಹುಳುವಿನ ಬೆನ್ನಿನ ಹಸಿರನ್ನು ಕಂಡಾಗ, ಔಷಧದ ಸೀಸೆಗೆ ಕೈ ಚಾಚುವ ಬದಲು, ಆ ವಾರ ಎಷ್ಟು ಚಿಟಿಕೆ ಆಹಾರ ಹಾಕಿದಿರಿ, ಎಷ್ಟು ಬಕೆಟ್ಟು ನೀರು ತೆಗೆದಿರಿ ಎಂದು ಎಣಿಸಿ ನೋಡಿರಿ. ಆ ಲೆಕ್ಕ ಸರಿಹೋದರೆ ಬೆನ್ನಿನ ಪಾಚಿ ದಿನೇ ದಿನೇ ತೆಳ್ಳಗಾಗುವದು. ಕೊಂಚ ಉಳಿದರೂ ಹುಳುವಿಗೆ ಅದರ ಭಾರವಿಲ್ಲ.